ಆಲಿಸುವಿಕೆಗೆ ಇಪ್ಪತ್ತು ಅಂಕ

ಜೂನ್ 3, ಸೋಮವಾರ

ಕೊನೆಗೂ ಪ್ರಿನ್ಸಿಪಾಲರು ಬಾಯಿ ಬಿಟ್ಟರು. ಬಿಟ್ಟರು ಎನ್ನುವುದಕ್ಕಿಂತ ಮೀಸೆಯೊಳಗೇ ಏನೋ ಗೊಣಗಿದರು ಎನ್ನಬೇಕು. ಅವರ ಕೋಣೆಯಲ್ಲಿ ಫ್ಯಾನು ಬೇರೆ ಗರಗರ ಅನ್ನುತ್ತಿರುತ್ತದೆ. ನಾನು ಗಂಭೀರವಾಗಿ ತಲೆ ಆಡಿಸಿ ಹೊರಗೆ ಬಂದೆ. ಆಮೇಲೆ ಸುತ್ತೋಲೆ ಓದಿದಾಗಲೇ ವಿಷಯ ಪೂರ್ತಿ ತಿಳಿದದ್ದು.

ನಮ್ಮ ಪರಭಾಷಾ ವಿಭಾಗದ ಸಿಲಬಸ್‌ಗೆ ಹದಿನಾಲ್ಕು ವರ್ಷ ವಯಸ್ಸಾಗಿದೆಯಂತೆ. ಜುಲೈ ಹದಿನೈದಕ್ಕೆ ಅಧ್ಯಯನ ಮಂಡಳಿಯ ಸಭೆ. ಅಷ್ಟರೊಳಗೆ ಹೊಸ ಕೋರ್ಸು ರೂಪಿಸಿ ಮುಂದಿಡಬೇಕು. ಒಪ್ಪಿದರೆ ಸರಿ, ಇಲ್ಲದಿದ್ದರೆ ಈ ವರ್ಷದಿಂದ ಪ್ರವೇಶ ಬಂದ್, ವಿಭಾಗದ ಬಾಗಿಲಿಗೆ ಬೀಗ. ನನ್ನನ್ನು ಲೈಬ್ರರಿಗೋ ಪರೀಕ್ಷಾ ಕಚೇರಿಗೋ ತಳ್ಳುತ್ತಾರೆ. ಗುಬ್ಬಿಯನ್ನು ನೇರ ಮನೆಗೆ ಕಳಿಸುತ್ತಾರೆ, ಅವಳದು ತಾತ್ಕಾಲಿಕ ಕೆಲಸ.

ಗುಬ್ಬಿ ಎಂದರೆ ನನ್ನ ಕೈಕೆಳಗಿನ ಉಪನ್ಯಾಸಕಿ. ಹೆಸರು ನಾನೇ ಇಟ್ಟದ್ದು. ಇಪ್ಪತ್ತೆಂಟರ ಹುಡುಗಿ, ಕೆಲಸದಲ್ಲಿ ಚುರುಕು, ಧ್ವನಿ ಮಾತ್ರ ಇದ್ದೂ ಇಲ್ಲದ ಹಾಗೆ. ಪಾಠ ಮಾಡುವವರು ಹಿಂದಿನ ಬೆಂಚಿಗೆ ಮುಟ್ಟುವ ಹಾಗೆ ಮಾತಾಡಬೇಕು ಎಂದು ಎರಡು ವರ್ಷದಿಂದ ಹೇಳುತ್ತಿದ್ದೇನೆ. ಇವಳಿಗೊಬ್ಬಳಿಗೇ ಅಲ್ಲ, ಈಗಿನವರಿಗೆಲ್ಲ ಬಾಯಿ ಬಿಟ್ಟು ಮಾತಾಡುವುದೇ ಮರೆತುಹೋಗಿದೆ. ಬಸ್ಸಿನ ಕಂಡಕ್ಟರ್ ಕೂಡ ಪಿಸುಗುಟ್ಟುತ್ತಾನೆ.

ಆರು ವಾರ ಇದೆ. ಇಪ್ಪತ್ತಾರು ವರ್ಷ ಕಲಿಸಿದವಳಿಗೆ ಧಾರಾಳವಾಯಿತು. ದುಗುಡ ಇಳಿಯಿತು.

ಜೂನ್ 6, ಗುರುವಾರ

ಕರಡು ಮುಗಿಯಿತು! ಹದಿನಾರು ಘಟಕ. ಓದುವಿಕೆಗೆ ನಲವತ್ತು, ಬರವಣಿಗೆಗೆ ನಲವತ್ತು, ಮಾತಿಗೆ ಹದಿನೈದು, ಆಲಿಸುವಿಕೆಗೆ ಐದು. ಆ ಐದೂ ಅಂಕಕ್ಕೆ ಅಧ್ಯಾಪಕರು ಒಂದು ಪ್ಯಾರಾವನ್ನು ಗಟ್ಟಿಯಾಗಿ ಓದಬೇಕು, ಮಕ್ಕಳು ಬರೆದುಕೊಳ್ಳಬೇಕು. ಓದುವವಳು ನಾನೇ, ಆದ್ದರಿಂದ ತೊಂದರೆಯಿಲ್ಲ.

"ಮೇಡಂ, ಆಲಿಸೋದಕ್ಕೆ ಬರೀ ಐದು ಅಂಕಾನಾ?" ಎಂದು ಗುಬ್ಬಿ ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟಳು. ಅವಳದು ಈಚೆಗೆ ಇದೊಂದು ಅಭ್ಯಾಸ, ಬಾಯಲ್ಲಿ ಹೇಳಬಹುದಾದ್ದನ್ನೂ ಚೀಟಿಯಲ್ಲಿ ಬರೆದು ಕೊಡುತ್ತಾಳೆ. ಭಾಷೆಯ ಬೆನ್ನೆಲುಬು ವ್ಯಾಕರಣ, ಮಿಕ್ಕಿದ್ದೆಲ್ಲ ಅಲಂಕಾರ ಎಂದೆ.

ಮನೆಗೆ ಬಂದರೆ ಇವರು ಅಂಗಡಿಯಿಂದ ಆಗಲೇ ಬಂದಿದ್ದರು. ದಿನವಿಡೀ ಹೊಲಿಗೆ ಯಂತ್ರಗಳ ಹೊಟ್ಟೆ ಬಗೆದು ರಿಪೇರಿ ಮಾಡುವ ಮನುಷ್ಯ, ಮಾತು ಮೊದಲೇ ಕಮ್ಮಿ. ಅದೇನು ಚಾಳಿಯೋ, ಚಹಾ ಬೇಕಾ ಎಂದು ಕೇಳುವುದಕ್ಕೂ ಎದ್ದು ನನ್ನ ಎದುರಿಗೆ ಬಂದು ನಿಲ್ಲುತ್ತಾರೆ. ಕೂತಲ್ಲಿಂದಲೇ ಕೇಳಿದರೆ ಏನು ಗಂಟು ಹೋಗುತ್ತದೆ?

ಅತ್ತೆ ತಮ್ಮ ಕಿವಿಯ ಮೆಷಿನ್ನು ತೆಗೆದು ಡಬ್ಬಿಯಲ್ಲಿಟ್ಟು ಹಾಯಾಗಿ ಕೂತಿದ್ದರು. ಎಂಬತ್ತೊಂದು ವರ್ಷ. ನೆರೆಮನೆಯಾಕೆ ಹರಟೆಗೆ ಬಂದರೆ ಸಾಕು, ಮೆಷಿನ್ನು ಡಬ್ಬಿ ಸೇರುತ್ತದೆ. ಅವರ ಹಾಗೆ ಬದುಕಬೇಕು.

ಜೂನ್ 12, ಬುಧವಾರ

ಕರಡು ವಾಪಸ್ ಬಂತು. ಮಂಡಳಿಯ ಅಧ್ಯಕ್ಷೆ ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದಿದ್ದಾರೆ: "ಆಲಿಸುವಿಕೆಗೆ ಕನಿಷ್ಠ ಇಪ್ಪತ್ತು ಅಂಕ. ನಿಜ ಜೀವನದ ಧ್ವನಿಮುದ್ರಣಗಳೇ ಆಗಬೇಕು." ಆಕೆಗೆ ಏನು ಗೊತ್ತು? ಕುರ್ಚಿಯಲ್ಲಿ ಕೂತು ಕೆಂಪು ಶಾಯಿ ಚೆಲ್ಲುವುದು ಸುಲಭ.

ಗುಬ್ಬಿಗೆ ಮಾತ್ರ ಹಬ್ಬ. ನಾವು ಕಲಿಸುವ ಭಾಷೆಯನ್ನೇ ಮನೆಯಲ್ಲಿ ಆಡುವ ಮೂರು ಕುಟುಂಬಗಳು ಅವಳಿಗೆ ಪರಿಚಯ. ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಡಾಕ್ಟರ ಕೋಣೆಯಲ್ಲಿ ಅವರು ಆಡಿದ ಮಾತುಗಳನ್ನು ಮುದ್ರಿಸಿಕೊಂಡು ಸಂಜೆಯೇ ಹಾಜರು. ಕೇಳಿದೆ. ಬರೀ ಗುಜುಗುಜು. ಹಿಂದೆ ತಟ್ಟೆ ಲೋಟದ ಸದ್ದು, ಮುಂದೆ ಯಾರೋ ಬಾಯಿತುಂಬ ಹತ್ತಿ ತುಂಬಿಕೊಂಡು ಮಾತಾಡಿದ ಹಾಗೆ.

"ಧ್ವನಿ ಸರಿಯಿಲ್ಲ. ಮತ್ತೆ ಮಾಡು," ಎಂದೆ.

ಅವಳು ಏನೋ ಹೇಳಿದಳು. ನಾನು ತಲೆ ಆಡಿಸಿದೆ. ಸದ್ಯ, ಒಂದು ವಾರ ಸಿಕ್ಕಿತು.

ಜೂನ್ 19, ಬುಧವಾರ

ಎರಡನೇ ಮುದ್ರಣವೂ ಅಷ್ಟೇ. ಮೂರು ನಿಮಿಷ ಕೇಳಿ ಹೆಡ್‌ಫೋನ್ ಕಿತ್ತಿಟ್ಟೆ. ಹಳೆಯ ಕ್ಯಾಸೆಟ್ಟುಗಳಲ್ಲಿ ಒಂದೊಂದು ಅಕ್ಷರವೂ ಮಣಿ ಪೋಣಿಸಿದ ಹಾಗೆ ಇರುತ್ತಿತ್ತು. ಆ ಕಾಲವೇ ಹೋಯಿತು.

"ಇದೂ ಆಗಲ್ಲ," ಎಂದೆ. ಗುಬ್ಬಿಯ ಕಣ್ಣಲ್ಲಿ ನೀರು ಬಂತು. ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ತಿರುಗಿ ನಿಂತು ಏನಾದರೂ ಅಂದಳೋ ಏನೋ, ನನಗೆ ಗೊತ್ತಾಗಲಿಲ್ಲ.

ಪಾಪ ಅನ್ನಿಸಿತು. ಆದರೆ ಗುಣಮಟ್ಟ ಅಂದರೆ ಗುಣಮಟ್ಟ.

ಜೂನ್ 20, ಗುರುವಾರ

ಅಕ್ಕ ಫೋನ್ ಮಾಡಿದ್ದಳು. ತೆಗೆಯಲಿಲ್ಲ. ಮೆಸೇಜ್ ಹಾಕಲಿ.

ಜೂನ್ 26, ಬುಧವಾರ

ಇವತ್ತು ಮಾದರಿ ಪರೀಕ್ಷೆ. ನಮ್ಮ ವಿಭಾಗದಲ್ಲಿ ಹಳೆಯ ಮುಖ್ಯಸ್ಥರು ಹಾಕಿಕೊಟ್ಟ ಒಂದು ಪದ್ಧತಿ ಇದೆ. ಕೋರ್ಸು ಬರೆದವರು ಅದರ ಮಾದರಿ ಪರೀಕ್ಷೆಯನ್ನು ವಿದ್ಯಾರ್ಥಿಗಳ ಜೊತೆ, ವಿದ್ಯಾರ್ಥಿಗಳ ಬೆಂಚಿನ ಮೇಲೇ ಕೂತು ಬರೆಯಬೇಕು, ತಮ್ಮ ಉತ್ತರಪತ್ರಿಕೆಯನ್ನು ಕಡತಕ್ಕೆ ಲಗತ್ತಿಸಬೇಕು. ಮಾಡಿದವರೇ ಮೊದಲು ಉಣ್ಣಲಿ ಎಂಬ ಲೆಕ್ಕ. ಹದಿನಾಲ್ಕು ವರ್ಷದ ಹಿಂದೆ ನೂರಕ್ಕೆ ತೊಂಬತ್ತೊಂಬತ್ತು ತೆಗೆದಿದ್ದೆ. ಆ ಪದ್ಧತಿಯ ಮೇಲೆ ನನಗೆ ಪ್ರೀತಿ ಇರಲು ಬೇರೆ ಕಾರಣ ಬೇಕಿಲ್ಲ.

ಕಳೆದ ವರ್ಷದ ಹನ್ನೊಂದು ಮಕ್ಕಳು ಬಂದಿದ್ದರು. ಎರಡನೇ ಬೆಂಚಿನ ತುದಿಯಲ್ಲಿ ನಾನು. ಓದುವಿಕೆ, ಬರವಣಿಗೆ ಎರಡೂ ಸರಸರ ಮುಗಿದವು. ಆಮೇಲೆ ಗುಬ್ಬಿ ತನ್ನ ಮೂರನೇ ಧ್ವನಿಮುದ್ರಣ ಹಾಕಿದಳು. ಸಮಯವಿಲ್ಲದೆ ನಾನು ಅದನ್ನು ಮೊದಲೇ ಕೇಳಿರಲಿಲ್ಲ. ಪ್ರಶ್ನೆ ಹತ್ತು, ಒಂದೊಂದಕ್ಕೆ ಎರಡು ಅಂಕ.

ಏನು ಬರೆಯಲಿ? ಮುದ್ರಣ ಶುರುವಾಯಿತು. ಒಬ್ಬ ಹೆಂಗಸು ಡಾಕ್ಟರ ಹತ್ತಿರ ಏನೋ ಹೇಳುತ್ತಿದ್ದಾಳೆ ಎನ್ನುವುದು ಪ್ರಶ್ನೆ ಓದಿಯೇ ಗೊತ್ತಾಗಿತ್ತು. ಎಲ್ಲಿ ನೋವು, ಎಷ್ಟು ದಿನದಿಂದ, ಡಾಕ್ಟರು ಏನು ತಿನ್ನಬೇಡ ಎಂದರು, ಒಂದೂ ಕೈಗೆ ಸಿಗಲಿಲ್ಲ. ಪಕ್ಕದ ಹುಡುಗಿಯ ಪೆನ್ನು ಓಡುತ್ತಿತ್ತು. ಇಪ್ಪತ್ತಾರು ವರ್ಷ ಕಾಪಿ ಹೊಡೆಯುವವರನ್ನು ಹಿಡಿದವಳು, ಅವಳ ಹಾಳೆಯ ಕಡೆ ನನ್ನ ಕಣ್ಣು ತಾನಾಗಿಯೇ ಜಾರಿತು. ಅವಳು ಮೊಣಕೈ ಅಡ್ಡ ಇಟ್ಟುಕೊಂಡಳು.

ಮುದ್ರಣ ಮುಗಿಯುತ್ತಲೇ ಹನ್ನೊಂದೂ ಮಕ್ಕಳು ಒಟ್ಟಿಗೆ ನಕ್ಕರು. ಗುಬ್ಬಿ ಕೆಂಪಗಾಗಿ, ಓಡಿಹೋಗಿ ಯಂತ್ರ ಆರಿಸಿದಳು. ನನ್ನ ಮುಕ್ಕಾಲು ಖಾಲಿ ಹಾಳೆ ನೋಡಿಯೇ ನಕ್ಕಿರಬೇಕು.

"ಯಂತ್ರ ಕೆಟ್ಟಿದೆ," ಎಂದು ಹೇಳಿ ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡು ಬಂದುಬಿಟ್ಟೆ.

ಜೂನ್ 27, ಗುರುವಾರ

ಮಕ್ಕಳ ಅಂಕ ಬಂತು. ಆಲಿಸುವಿಕೆಯಲ್ಲಿ ಅತಿ ಕಡಿಮೆ ಎಂದರೆ ಇಪ್ಪತ್ತಕ್ಕೆ ಹನ್ನೆರಡು. ಯಂತ್ರ ಕೆಟ್ಟಿರಲಿಲ್ಲ.

ನನ್ನದನ್ನು ನಾನೇ ತಿದ್ದಿದೆ. ಆರು. ಅದರಲ್ಲಿ ನಾಲ್ಕು ಊಹೆ.

ಭಾಷೆ ನನ್ನನ್ನು ಬಿಟ್ಟು ಹೋಗುತ್ತಿದೆ. ಬೇರೆ ಅರ್ಥವೇ ಇಲ್ಲ. ಹುಟ್ಟಿನಿಂದ ಬಂದ ಭಾಷೆಯಲ್ಲವಲ್ಲ, ಹತ್ತೊಂಬತ್ತನೇ ವಯಸ್ಸಿನಲ್ಲಿ ಹಟ ಹಿಡಿದು ಕಲಿತದ್ದು. ಬಂದ ದಾರಿಯಲ್ಲೇ ವಾಪಸ್ ಹೊರಟಿದೆ. ಮುಂದಿನ ವರ್ಷ ಓದುವುದೂ ಹೋಗುತ್ತದೆಯೇನೋ. ಹೆದರಿಕೆಯಾಗುತ್ತಿದೆ. ಯಾರಿಗೂ ಹೇಳುವಂತಿಲ್ಲ.

ಜೂನ್ 29, ಶನಿವಾರ

ತಪ್ಪು ಮಾಡಿದೆ. ಬರೆದಿಡುತ್ತೇನೆ.

ಧ್ವನಿಮುದ್ರಣದ ಲಿಖಿತ ಪ್ರತಿ ನನ್ನ ಬಳಿಯೇ ಇತ್ತು. ಹೊಸ ಉತ್ತರಪತ್ರಿಕೆ ತೆಗೆದುಕೊಂಡು, ಲಿಖಿತ ಪ್ರತಿ ನೋಡಿಕೊಂಡು, ಚೆಂದದ ಅಕ್ಷರದಲ್ಲಿ ಬರೆದೆ. ಹದಿನೆಂಟು ಬರುವ ಹಾಗೆ. ಇಪ್ಪತ್ತಕ್ಕೆ ಇಪ್ಪತ್ತು ಬಂದರೆ ಅನುಮಾನ ಬರುತ್ತದೆ ಎಂದು ಒಂದು ಉತ್ತರ ಬೇಕೆಂದೇ ತಪ್ಪಿಸಿದೆ. ವಿದ್ಯಾರ್ಥಿಗಳು ಮಾಡುವ ಹಳೆಯ ಕಸುಬು ಇದು, ನಾನೇ ಎಷ್ಟು ಜನರನ್ನು ಹಿಡಿದಿದ್ದೇನೆ.

ಕಡತಕ್ಕೆ ಸೇರಿಸಿದೆ. ಸೋಮವಾರ ಕಳಿಸಿದರೆ ವಿಭಾಗ ಉಳಿಯುತ್ತದೆ. ಗುಬ್ಬಿಯ ಕೆಲಸವೂ ಉಳಿಯುತ್ತದೆ. ನಿರಾಳವಾಗಬೇಕಿತ್ತು. ಆಗಲಿಲ್ಲ.

ಜೂನ್ 30, ಭಾನುವಾರ

ಬೆಳಿಗ್ಗೆ ಊಟದ ಮೇಜಿನ ಮೇಲೆ ಕಡತ ಹರಡಿಕೊಂಡು ಕೂತಿದ್ದೆ. ಅತ್ತೆ ಹಿಂದಿನಿಂದ ಬಂದು, ಸುತ್ತು ಹಾಕಿ, ಎದುರಿನ ಕುರ್ಚಿಯಲ್ಲಿ ಕೂತು ನನ್ನ ಮುಖವನ್ನೇ ನೋಡತೊಡಗಿದರು.

"ಏನತ್ತೆ?"

"ನಿನ್ನ ಹಿಂದೆ ನಿಂತು ಮೂರು ಸಲ ಹೇಳ್ದೆ, ಬೆನ್ನ ಮೇಲೆ ಹಲ್ಲಿ ಕೂತಿದೆ ಅಂತ."

ನಾನು ಕಿರುಚಿಕೊಂಡು ಎದ್ದ ರಭಸಕ್ಕೆ ಕುರ್ಚಿ ಉರುಳಿತು, ಕಡತದ ಹಾಳೆಗಳು ನೆಲದ ಪಾಲಾದವು. ಹಲ್ಲಿ ಎಂದರೆ ನನಗೆ ಜೀವ ಹೋಗುತ್ತದೆ. ಅದು ಮನೆಗೆಲ್ಲ ಗೊತ್ತು.

"ಕೂತ್ಕೋ, ಕೂತ್ಕೋ. ಹಲ್ಲಿನೂ ಇಲ್ಲ ಏನೂ ಇಲ್ಲ," ಎಂದು ಅತ್ತೆ ನಕ್ಕರು. "ಮೂರು ಸಲ ಹೇಳಿದ್ರೂ ಹಾಯಾಗಿ ಬರೀತಾ ಇದ್ದೆಯಲ್ಲ, ಅದನ್ನ ನೋಡ್ಬೇಕಿತ್ತು ಅಷ್ಟೇ."

"ಏನೋ ಯೋಚನೇಲಿದ್ದೆ."

"ನಾನೂ ಹೀಗೇ ಹೇಳ್ತಿದ್ದೆ ಕಣೇ. ಯೋಚನೇಲಿದ್ದೆ, ಫ್ಯಾನ್ ಸದ್ದು, ಅವರ ಬಾಯೇ ಸರಿಯಿಲ್ಲ. ಹತ್ತು ವರ್ಷ ತಲೆ ಆಡಿಸ್ಕೊಂಡೇ ಸಂಸಾರ ಮಾಡ್ದೆ. ಯಾವುದಕ್ಕೆ ಹೂಂ ಅಂದೆ, ಯಾವುದಕ್ಕೆ ಬಿಟ್ಟೆ ಅಂತ ದೇವರಿಗೇ ಗೊತ್ತು." ತಮ್ಮ ಕಿವಿಯ ಮೆಷಿನ್ನನ್ನು ಬೆರಳಿನಿಂದ ತಟ್ಟಿದರು. "ನಿನಗೂ ಇದು ಬೇಕಮ್ಮ."

ನನಗೆ ಸಿಟ್ಟು ಬಂತು. ಐವತ್ತಮೂರಕ್ಕೇ ನನ್ನನ್ನು ಮುದುಕಿ ಮಾಡುತ್ತಿದ್ದಾರಲ್ಲ ಎಂದು. ಬಾಗಿಲಲ್ಲಿ ನಿಂತಿದ್ದ ಇವರ ಕಡೆ ತಿರುಗಿ, "ನೋಡಿ ನಿಮ್ಮ ಅಮ್ಮ ಏನಂತಾರೆ" ಎಂದೆ. ಇವರು ಎಂದಿನಂತೆ ನಡೆದು ಬಂದು ನನ್ನ ಎದುರಿಗೆ ನಿಂತರು.

"ನಾನು ಎರಡು ವರ್ಷದಿಂದ ನಿನ್ನ ಮುಂದೆ ಬಂದೇ ಮಾತಾಡ್ತಿದ್ದೀನಲ್ಲ," ಎಂದರು.

ಮೂವರೂ ಬಗ್ಗಿ ಹಾಳೆಗಳನ್ನು ಆರಿಸಿದೆವು. ಕಡತ ನಾಳೆ ಕಳಿಸುವುದಿಲ್ಲ.

ಜುಲೈ 4, ಗುರುವಾರ

ಕಿವಿ ಪರೀಕ್ಷೆಯಾಯಿತು. ಸದ್ದು ಒಳಬಾರದ ಒಂದು ಪುಟ್ಟ ಕೋಣೆ, ಕಿವಿಗೆ ಹೆಡ್‌ಫೋನ್, ಕೈಗೊಂದು ಗುಂಡಿ. ಸದ್ದು ಕೇಳಿದರೆ ಒತ್ತಬೇಕು. ಪರೀಕ್ಷೆ ಎಂದರೆ ನನಗೆ ಹೇಗಾದರೂ ಪಾಸಾಗಬೇಕೆಂಬ ಹುಚ್ಚು. ಅಂದಾಜಿನ ಮೇಲೆ ಒತ್ತುತ್ತಾ ಹೋದೆ. ಗಾಜಿನ ಆಚೆ ಕೂತಿದ್ದ ಪರೀಕ್ಷಕಿ ಬಾಗಿಲು ತೆರೆದು ಬಂದರು.

"ಮೇಡಂ, ಈಗ ನಾನು ಏನೂ ಹಾಕಿರಲಿಲ್ಲ. ಇಲ್ಲಿ ಫೇಲಾಗೋರು ಯಾರೂ ಇಲ್ಲ, ಸುಮ್ನೆ ನಿಜ ಹೇಳಿ."

ನಾಚಿಕೆಯಿಂದ ತಲೆ ತಗ್ಗಿಸಿದೆ. ಆಮೇಲೆ ನಿಜ ಒತ್ತಿದೆ.

ಎರಡೂ ಕಿವಿಯಲ್ಲಿ ಸಣ್ಣ, ತೀಕ್ಷ್ಣ ಸದ್ದುಗಳು ಬಹಳ ಮಟ್ಟಿಗೆ ಹೋಗಿವೆಯಂತೆ. ನಿಧಾನವಾಗಿ, ಆರೇಳು ವರ್ಷದಿಂದ. ನಾನು ಕೇಳಬೇಕೆಂದಿದ್ದು ಒಂದೇ ಪ್ರಶ್ನೆ. ಕೇಳಿಯೇಬಿಟ್ಟೆ: "ಮನೆಯಲ್ಲಿ ಹೇಗೋ ನಡೀತಿದೆ. ಆದರೆ ನಾನು ಕಲಿಸುವ ಭಾಷೆಯೇ ನನಗೆ ತಿಳೀತಿಲ್ಲವಲ್ಲ. ಮರೆತುಹೋಯಿತಾ?"

"ಮರೆತಿಲ್ಲ ಮೇಡಂ. ಮನೆಮಾತಾದ್ರೆ ಬಿಟ್ಟುಹೋದ ಅಕ್ಷರಗಳನ್ನ ತಲೆಯೇ ತುಂಬಿಕೊಂಡುಬಿಡುತ್ತೆ. ಎದುರಿಗೆ ಮುಖ ಇದ್ರೆ ತುಟಿ ನೋಡಿ ಇನ್ನಷ್ಟು. ಕಲಿತ ಭಾಷೆ, ಅದೂ ರೆಕಾರ್ಡಿಂಗು, ಮುಖಾನೂ ಇಲ್ಲ. ಅಲ್ಲಿ ತುಂಬಿಕೊಳ್ಳೋದು ಕಷ್ಟ. ಭಾಷೆ ಎಲ್ಲೂ ಹೋಗಿಲ್ಲ, ನಿಮ್ಮ ಹತ್ರಾನೇ ಇದೆ. ಬಾಗಿಲು ಸ್ವಲ್ಪ ಮುಚ್ಚಿದೆ ಅಷ್ಟೇ."

ಅಲ್ಲೇ ಅತ್ತುಬಿಟ್ಟೆ. ಆಕೆ ಗಾಬರಿಯಾಗಿ, "ಧೈರ್ಯ ತಗೊಳ್ಳಿ, ಮೆಷಿನ್ ಹಾಕಿದ್ರೆ ಸರಿಹೋಗುತ್ತೆ," ಎಂದು ಸಮಾಧಾನ ಮಾಡತೊಡಗಿದರು. ಇದು ಸಂತೋಷದ ಅಳು ಎಂದು ಹೇಳಲು ನನಗೆ ಐದು ನಿಮಿಷ ಬೇಕಾಯಿತು. ಕಿವಿ ಕೇಳುವುದಿಲ್ಲ ಎಂದು ತಿಳಿದು ಇಷ್ಟು ಖುಷಿಪಟ್ಟವರನ್ನು ಆಕೆ ನೋಡಿಯೇ ಇರಲಿಕ್ಕಿಲ್ಲ. ಮೆಷಿನ್ನು ಬರಲು ಮೂರು ವಾರ.

ಹೊರಗೆ ಬೆಂಚಿನ ಮೇಲೆ ಇವರು ಕಾಯುತ್ತಿದ್ದರು. ಎದ್ದು ಎದುರಿಗೆ ಬಂದು ನಿಂತರು. ಚಾಳಿ ಎಂದುಕೊಂಡಿದ್ದೆನಲ್ಲ. ಬೀದಿ ಎಂದೂ ನೋಡದೆ ಅವರ ಕೈ ಹಿಡಿದುಕೊಂಡೆ.

ಜುಲೈ 5, ಶುಕ್ರವಾರ

ಹದಿನೆಂಟು ಅಂಕದ ಉತ್ತರಪತ್ರಿಕೆ ಹರಿದು ಹಾಕಿದೆ. ಬ್ಯಾಗಿನ ತಳದಲ್ಲಿ ಮುದುಡಿ ಬಿದ್ದಿದ್ದ ಆರು ಅಂಕದ ಹಾಳೆಯನ್ನು ಕೈಯಿಂದ ಸವರಿ ನೆಟ್ಟಗೆ ಮಾಡಿ ಕಡತಕ್ಕೆ ಸೇರಿಸಿದೆ.

ಗುಬ್ಬಿಯನ್ನು ಕರೆದು ಎದುರಿಗೆ ಕೂರಿಸಿಕೊಂಡು ಎಲ್ಲ ಹೇಳಿದೆ. ಅವಳು ಕಣ್ಣರಳಿಸಿ ಕೂತಳು. ಆಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು:

"ಹಾಗಾದ್ರೆ ನನ್ನ ರೆಕಾರ್ಡಿಂಗ್ ಚೆನ್ನಾಗೇ ಇತ್ತಾ ಮೇಡಂ?"

"ನನಗೇನು ಗೊತ್ತಮ್ಮ, ನಾನಿನ್ನೂ ಕೇಳೇ ಇಲ್ಲವಲ್ಲ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹಾಗಾದರೆ ಚೀಟಿಯ ಅಭ್ಯಾಸ ಯಾಕೆ ಎಂದು ಕೇಳಿದೆ. "ಹೇಳಿದ್ರೆ ನೀವು ತಲೆ ಆಡಿಸ್ತಿದ್ರಿ, ಕೆಲಸ ಆಗ್ತಿರಲಿಲ್ಲ. ಬರೆದ್ರೆ ಆಗ್ತಿತ್ತು," ಎಂದಳು. ಎರಡು ವರ್ಷ ಅವಳಿಗೆ ಗಟ್ಟಿಯಾಗಿ ಮಾತಾಡು ಎಂದು ಉಪದೇಶ ಮಾಡಿದ್ದೇನೆ. ಕ್ಷಮಿಸಮ್ಮ ಎಂದೆ, ಬಾಯಿಬಿಟ್ಟು.

ಆಮೇಲೆ ಕೋರ್ಸನ್ನೇ ಬಿಚ್ಚಿ ಕೂತೆವು. ಮೊದಲ ಪಾಠ ವರ್ಣಮಾಲೆಯಾಗಿತ್ತು, ಅದನ್ನು ಎರಡನೆಯದಕ್ಕೆ ತಳ್ಳಿದೆ. ಈಗ ಮೊದಲ ದಿನ, ಮೊದಲ ಗಂಟೆಯಲ್ಲಿ ಕಲಿಸುವುದು ಎರಡೇ ಮಾತು: "ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ." "ಸ್ವಲ್ಪ ನಿಧಾನವಾಗಿ ಹೇಳಿ." ಹದಿನಾಲ್ಕು ವರ್ಷದ ಸಿಲಬಸ್ಸಿನಲ್ಲಿ ಪ್ರಶ್ನೆ ಕೇಳುವುದನ್ನು ಹತ್ತು ಬಗೆಯಲ್ಲಿ ಕಲಿಸಿದ್ದೆ, ಉತ್ತರ ಅರ್ಥವಾಗದಿದ್ದರೆ ಏನು ಮಾಡಬೇಕೆಂದು ಒಂದು ಕಡೆಯೂ ಹೇಳಿರಲಿಲ್ಲ. ತಲೆ ಆಡಿಸುವುದನ್ನು ಮಾತ್ರ ಎಲ್ಲರೂ ತಾವಾಗಿಯೇ ಕಲಿತಿದ್ದರು. ಪರೀಕ್ಷೆಯಲ್ಲಿ ಮುದ್ರಣ ಎರಡು ಸಲ ಹಾಕಬೇಕು. ಮೂರನೇ ಸಲ ಬೇಕಾದವರು ಮೊದಲ ದಿನ ಕಲಿತ ಮಾತಿನಲ್ಲೇ ಕೇಳಬೇಕು, ಹಾಗೆ ಕೇಳಿದ್ದಕ್ಕೆ ಅಂಕ ಕಳೆಯುವಂತಿಲ್ಲ.

ಸಂಜೆ ಅಕ್ಕನಿಗೆ ನಾನೇ ಫೋನ್ ಮಾಡಿದೆ. "ಕೇಳಿಸ್ತಿಲ್ಲ ಕಣೇ, ಜೋರಾಗಿ ಹೇಳು" ಎಂದು ನಾಲ್ಕು ಸಲ ಹೇಳಿರಬೇಕು. ಅರ್ಧ ಗಂಟೆ ಮಾತಾಡಿದೆವು.

ಜುಲೈ 15, ಸೋಮವಾರ

ಮಂಡಳಿಯ ಸಭೆ. ಉದ್ದನೆಯ ಮೇಜು, ಏಳು ಜನ. ಬೆಳಿಗ್ಗೆಯಿಂದ ಗುಬ್ಬಿ ಉಗುರು ಕಚ್ಚುತ್ತಿದ್ದಳು. ಅಧ್ಯಕ್ಷೆ ಕಡತ ತಿರುವುತ್ತಾ ಬಂದು ನನ್ನ ಉತ್ತರಪತ್ರಿಕೆಯ ಬಳಿ ನಿಂತರು.

"ಇಪ್ಪತ್ತಕ್ಕೆ ಆರು. ಇದು ನಿಮ್ಮದೇನಾ?"

"ನನ್ನದೇ," ಎಂದೆ. ಕಿವಿಯ ವಿಷಯ ಮುಚ್ಚುಮರೆಯಿಲ್ಲದೆ ಹೇಳಿದೆ. ಮೊದಲ ಕರಡಿನಲ್ಲಿ ಐದೇ ಅಂಕ ಇಟ್ಟಿದ್ದು ವ್ಯಾಕರಣದ ಮೇಲಿನ ಪ್ರೀತಿಗಲ್ಲ, ಹೆದರಿಕೆಗೆ ಎಂದೂ ಹೇಳಿದೆ. ಹೇಳುವವರೆಗೆ ಅದು ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಎದುರು ಸಾಲಿನ ಹಿರಿಯ ಸದಸ್ಯರೊಬ್ಬರು ಪಕ್ಕದವರ ಕಡೆ ಬಾಗಿ ಏನೋ ಅಂದರು. ಇಬ್ಬರೂ ತುಟಿಯಂಚಿನಲ್ಲಿ ನಕ್ಕರು. ಹೋದ ತಿಂಗಳಾಗಿದ್ದರೆ ನಾನೂ ತಲೆ ಆಡಿಸಿ ನಗುತ್ತಿದ್ದೆ.

"ಸಾರ್, ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿ."

ಅವರು ಮುಖ ಆ ಕಡೆ ಈ ಕಡೆ ಮಾಡಿದರು. "ಏನಿಲ್ಲ, ಏನಿಲ್ಲ."

"ಹೇಳಿ ಸಾರ್, ಸ್ವಲ್ಪ ನಿಧಾನವಾಗಿ ಹೇಳಿ, ಪರವಾಗಿಲ್ಲ."

"ಅದು... ಕಿವಿ ಕೇಳದೇ ಇರೋರು ಆಲಿಸೋದನ್ನ..." ಎಂದು ಶುರು ಮಾಡಿ, ಎಲ್ಲರೂ ತಮ್ಮನ್ನೇ ನೋಡುತ್ತಿರುವುದನ್ನು ಕಂಡು, ಅಲ್ಲೇ ನುಂಗಿಕೊಂಡು ನೀರು ಕುಡಿದರು. ಪಿಸುಮಾತನ್ನು ಗಟ್ಟಿಯಾಗಿ ಹೇಳುವುದು ಎಷ್ಟು ಕಷ್ಟವೋ ಪಾಪ.

ಅಧ್ಯಕ್ಷೆ ನಗು ತಡೆದುಕೊಂಡು ನನ್ನ ಕಡೆ ತಿರುಗಿದರು. "ಈಗ ನೀವು ಆಡಿದ್ದು ಮೊದಲನೇ ಪಾಠ ಅಲ್ವಾ?"

"ಹೌದು, ಪೂರ್ತಿ ಮೊದಲನೇ ಪಾಠ."

ಒಪ್ಪಿಗೆಯಾಯಿತು! ಒಂದು ತಿದ್ದುಪಡಿಯೂ ಇಲ್ಲದೆ. ಕಾರಿಡಾರಿನಲ್ಲಿ ಕಾದಿದ್ದ ಗುಬ್ಬಿಗೆ ಹೆಬ್ಬೆರಳು ತೋರಿಸಿದೆ. ಅವಳು ಕೂಗಿದ ಕೂಗು ನನಗೂ ಕೇಳಿಸಿತು. ಪ್ರಿನ್ಸಿಪಾಲರು ಬಂದು ಮೀಸೆಯೊಳಗೇ ಏನೋ ಅಂದರು. ಇನ್ನೊಂದು ಸಲ ಹೇಳಿಸಿದೆ. ಅಭಿನಂದನೆಯಂತೆ. ಎರಡು ಸಲ ಕೇಳಿದ್ದಕ್ಕೆ ಎರಡು ಅಭಿನಂದನೆ ಸಿಕ್ಕಿತು.

ಜುಲೈ 24, ಬುಧವಾರ

ಮೆಷಿನ್ನು ಬಂತು. ಎರಡು ಕಿವಿಗೂ. ನಮ್ಮ ಮನೆಯ ಗಡಿಯಾರ ಇಷ್ಟು ಬಾಯಿಬಡುಕ ಎಂದು ಗೊತ್ತಿರಲಿಲ್ಲ. ನಾನು ನಡೆಯುವಾಗ ಚಪ್ಪಲಿ ಸದ್ದು ಮಾಡುತ್ತದೆ. ಹಾಳೆ ತಿರುವಿದರೂ ಸದ್ದು! ಇವರು ಪಡಸಾಲೆಯಿಂದಲೇ, ಕೂತಲ್ಲಿಂದಲೇ, "ಚಹಾ ಬೇಕಾ?" ಎಂದರು. ಬೇಕು ಎಂದೆ. ಆದರೂ ಚಹಾ ತಂದವರು ಎದುರಿಗೇ ಬಂದು ನಿಂತರು, ನನಗೂ ಬೇಡ ಎನ್ನಲು ಮನಸ್ಸಾಗಲಿಲ್ಲ.

"ಡಬ್ಬಿ ಜೋಪಾನ," ಎಂದರು ಅತ್ತೆ. "ಬೇಡದೋರು ಬಂದಾಗ ಅದೇ ನಮ್ಮನ್ನ ಕಾಪಾಡೋದು."

ಜುಲೈ 25, ಗುರುವಾರ

ಸೋಮವಾರದಿಂದ ಹೊಸ ಕೋರ್ಸಿನ ತರಗತಿ. ಧ್ವನಿಮುದ್ರಣಗಳನ್ನು ಕೊನೆಯ ಬಾರಿ ನೋಡಿಬಿಡೋಣ ಎಂದು ಮಧ್ಯಾಹ್ನ ವಿಭಾಗದಲ್ಲಿ ಒಬ್ಬಳೇ ಕೂತೆ.

ಮೊದಲನೆಯದು ಹಾಕಿದೆ. ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತು ಎಂದರೆ, ಅಂಗಡಿಯವನು ಚಿಲ್ಲರೆ ಎಣಿಸುತ್ತಾ ತನ್ನಷ್ಟಕ್ಕೆ ಗುನುಗುವುದೂ ಕೇಳಿಸಿತು. ಎರಡನೆಯದೂ ಚೆನ್ನಾಗಿತ್ತು. ಮೂರನೆಯದರಲ್ಲಿ ಡಾಕ್ಟರ ಬಳಿ ಬಂದ ಹೆಂಗಸಿಗೆ ನೋವಿರುವುದು ಎಡ ಭುಜದಲ್ಲಿ, ನಾಲ್ಕು ದಿನದಿಂದ. ಒಂದೊಂದು ಮಾತೂ ತಿಳಿಯಿತು. ಭಾಷೆ ಇದ್ದಲ್ಲೇ ಇದೆ. ನನ್ನನ್ನು ಬಿಟ್ಟು ಎಲ್ಲಿಗೂ ಹೋಗಿಲ್ಲ.

ಡಾಕ್ಟರು ಮಾತು ಮುಗಿಸಿದರು. ಬಾಗಿಲು ಹಾಕಿದ ಸದ್ದು. ಮುಗಿಯಿತು ಎಂದು ಆರಿಸಲು ಕೈ ಚಾಚಿದವಳು ಅಲ್ಲಿಗೇ ತಡೆದೆ. ಮುದ್ರಣ ಇನ್ನೂ ಓಡುತ್ತಿತ್ತು. ಗುಬ್ಬಿ ಯಂತ್ರ ನಿಲ್ಲಿಸುವ ಮುಂಚೆ ಉಸುರಿದ್ದು, ನಮ್ಮ ಭಾಷೆಯಲ್ಲಿ, ತನ್ನ ಆ ಸಣ್ಣ ಧ್ವನಿಯಲ್ಲಿ:

"ದೇವರೇ, ಇದಾದ್ರೂ ಮೇಡಂಗೆ ಹಿಡಿಸ್ಲಪ್ಪ."

ಹನ್ನೊಂದು ಮಕ್ಕಳು ನಕ್ಕಿದ್ದು ಇದಕ್ಕೆ.

ಮತ್ತೆ ಹಿಂದಕ್ಕೆ ಹಾಕಿ ಕೇಳಿದೆ. ಮೂರು ಸಲ. ನನ್ನದೇ ನಿಯಮದಂತೆ ಮೂರಕ್ಕೆ ನಿಲ್ಲಿಸಿ, ಕಣ್ಣೊರೆಸಿಕೊಂಡು, ಒಂದು ಚೀಟಿ ತೆಗೆದುಕೊಂಡು "ಹಿಡಿಸಿತು" ಎಂದು ಬರೆದೆ. ಅವಳ ಮೇಜಿನ ಮೇಲೆ ಇಡಲು ಹೋದವಳು, ಚೀಟಿ ಹರಿದು ಹಾಕಿ, ಬಾಯಲ್ಲೇ ಹೇಳೋಣವೆಂದು ಅವಳನ್ನು ಹುಡುಕಿಕೊಂಡು ಹೊರಟೆ.